ಹ್ರಸ್ವ ಸಾಕು

ಚಿಟ್ ಎಂದಿತು ಏನೋ, ನಿಂತಿತು, ಮತ್ತೆ ಚಿಟ್, ಗ್ಯಾಸಿನ ಗುಂಡಿ ಅಲ್ಲ, ಅದನ್ನು ಎರಡು ಸಲ ಮುಟ್ಟಿ ನೋಡಿ ಬಂದಿದ್ದೇನೆ, ನಲ್ಲಿಯೂ ಅಲ್ಲ, ಹನಿಯ ಸದ್ದಿಗೆ ಒಂದು ತೂಕವಿರುತ್ತದೆ, ಇದಕ್ಕೆ ತೂಕವಿಲ್ಲ, ಯಾರೋ ಉಗುರಿನ ತುದಿಯಿಂದ ಏನನ್ನೋ ಮೆಲ್ಲಗೆ ಬಿಡಿಸುತ್ತಿರುವ ಹಾಗೆ — ಬುಟ್ಟಿ, ಹೌದು, ಬಾಗಿಲ ಹಿಂದಿನ ಕಸದ ಬುಟ್ಟಿ, ಹತ್ತೂವರೆಗೆ ನಾನು ಎರಡೂ ಅಂಗೈಯಲ್ಲಿ ಒತ್ತಿ ಉಂಡೆ ಮಾಡಿ ಎಸೆದ ಕಾಗದ ಒಳಗೆ ತನ್ನಷ್ಟಕ್ಕೆ ತಾನೇ ಬಿಚ್ಚಿಕೊಳ್ಳುತ್ತಿದೆ, ದಪ್ಪ ಕಾಗದ, ಮುದುರಿದರೆ ಮುದುರಿಕೊಂಡೇ ಬಿದ್ದಿರುವ ಜಾತಿಯದಲ್ಲ, ಹನ್ನೊಂದು ವರ್ಷ ಪ್ರೆಸ್ಸಿನಲ್ಲಿ ಕೂತವಳಿಗೆ ಇಷ್ಟು ಗೊತ್ತಿರಬೇಕಿತ್ತು, ಹರಿದು ಹಾಕಬೇಕಿತ್ತು, ಹರಿಯಲಿಲ್ಲ, ಆ ಸದ್ದಿಗೆ ಅತ್ತೆ ಏಳುತ್ತಾರೆಂದು ಹೆದರಿದೆ, ಹೆದರಿದ್ದು ಅದಕ್ಕೇ ಏನು, ಇರಲಿ. ಮೇಜಿನ ಮೇಲೆ ಇನ್ನೆರಡು ಹಾಳೆಗಳಿವೆ, ಅವಕ್ಕೆ ಒಂದು ಸುಕ್ಕೂ ಇಲ್ಲ, ಒಂದು ನಮ್ಮ ಪ್ರೂಫ್ ರೂಮಿನ ಯಜಮಾನರ ಉತ್ತರದ ಹಾಳೆ, ಇನ್ನೊಂದು ಅವರ ಅಳಿಯನ ಹಾಳೆ, ಪಕ್ಕದಲ್ಲಿ ಮಗಳ ನೋಟುಪುಸ್ತಕದಿಂದ ಕಿತ್ತ ಪುಟದಲ್ಲಿ ನಾನು ಬರೆಯುತ್ತಿರುವ ಅರ್ಜಿ, ಮಾನ್ಯರೇ ಅಲ್ಪವಿರಾಮ, ಹೆಡ್ ರೀಡರ್ ಹುದ್ದೆಗೆ ನಡೆದ ಆಯ್ಕೆಯಲ್ಲಿ ಆಗಿರುವ ಅನ್ಯಾಯವನ್ನು ತಮ್ಮ ಗಮನಕ್ಕೆ — ಅಲ್ಲಿಗೆ ನಿಂತಿದೆ, ಒಂದು ಗಂಟೆಯಿಂದ ತಮ್ಮ ಗಮನಕ್ಕೆ ಎಂಬಲ್ಲೇ ನಿಂತಿದೆ, ತರಲು ಎಂದು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು, ಮೂರು ಅಕ್ಷರ, ನಾಳೆ ಸಂಜೆ ಐದಕ್ಕೆ ಏಳನೆಯ ದಿನ ಮುಗಿಯುತ್ತದೆ, ಆಕ್ಷೇಪಣೆ ಇದ್ದವರು ಏಳು ದಿನದೊಳಗೆ ಬರಹದಲ್ಲಿ ಕೊಡತಕ್ಕದ್ದು, ನೋಟೀಸಿನ ಆ ಸಾಲನ್ನು ಅಂಟಿಸುವ ಮೊದಲು ಗಟ್ಟಿಯಾಗಿ ಓದಿ ಸರಿನೋಡಿದವಳೂ ನಾನೇ, ಪೂರ್ಣವಿರಾಮ ಸಮೇತ.

ಓದುವುದೇ ನನ್ನ ಕೆಲಸ. ಪ್ರೂಫ್ ರೂಮಿನಲ್ಲಿ ಇಬ್ಬಿಬ್ಬರು ಜೋಡಿಯಾಗಿ ಕೂರುತ್ತೇವೆ, ಒಬ್ಬರ ಕೈಯಲ್ಲಿ ಮೂಲ ಪ್ರತಿ, ಇನ್ನೊಬ್ಬರ ಮುಂದೆ ಕರಡು, ಮೂಲ ಹಿಡಿದವರು ಗಟ್ಟಿಯಾಗಿ ಓದಬೇಕು, ಮಾತು ಮಾತ್ರ ಅಲ್ಲ, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ, ಕಂಸ ಶುರು, ಕಂಸ ಮುಗೀತು, ಎಲ್ಲವನ್ನೂ, ಕರಡು ಹಿಡಿದವರು ರೀಡರು, ಅವರು ತಿದ್ದುತ್ತಾರೆ, ನಾನು ಕಾಪಿ ಹೋಲ್ಡರು, ಬರೀ ಬಾಯಿ. ಸೇರಿದ ಹೊಸತರಲ್ಲಿ ಮನೆಯಲ್ಲೂ ಹಾಗೇ ಮಾತಾಡುತ್ತಿದ್ದೆ, ಊಟಕ್ಕೆ ಬನ್ನಿ ಪೂರ್ಣವಿರಾಮ, ಇವರು ನಕ್ಕು ನಕ್ಕು, ಆಶ್ಚರ್ಯಸೂಚಕ ಎಲ್ಲಿ ಬಿಟ್ಟೆ, ಸಾರು ಅಷ್ಟು ಕೆಟ್ಟದಾಗಿದ್ಯಾ, ಎನ್ನುತ್ತಿದ್ದರು. ರೂಮಿನಲ್ಲಿ ಶಾಯಿಗೂ ಪಂಕ್ತಿಭೇದವಿದೆ, ಹೆಡ್ ರೀಡರಿಗೆ ಕೆಂಪು, ರೀಡರುಗಳಿಗೆ ಹಸಿರು, ಕಾಪಿ ಹೋಲ್ಡರಿಗೆ ಪೆನ್ಸಿಲು, ಪೆನ್ಸಿಲಿನಲ್ಲಿ ಏನು ಬರೆದರೂ ಅದು ಅನುಮಾನ ಮಾತ್ರ, ಮಗ್ಗುಲಲ್ಲಿ ಪ್ರಶ್ನೆಯ ಗುರುತು ಹಾಕಿ ಕೈಬಿಡಬೇಕು, ಹನ್ನೊಂದು ವರ್ಷ ಗೊತ್ತಿದ್ದದ್ದಕ್ಕೆಲ್ಲ ಪ್ರಶ್ನೆಯ ಗುರುತು ಹಾಕಿದ್ದೇನೆ. ಪುಟದ ಕೊನೆಯಲ್ಲಿ ಅಚ್ಚಿಗೆ ಹೋಗಬಹುದು ಎಂದು ಬರೆದು ಯಜಮಾನರು ಕೆಂಪಿನಲ್ಲಿ ಸಹಿ ಹಾಕುತ್ತಾರಲ್ಲ, ಆ ಸಹಿ, ಅದೊಂದು ಬೇಕಿತ್ತು ನನಗೆ, ಕಿಟಕಿ ಪಕ್ಕದ ಕುರ್ಚಿ ಬೇಡ, ಬೀಗವಿರುವ ಡ್ರಾಯರು ಬೇಡ — ಬೀಗ ಮಗಳಿಗೆ ಬೇಕಿತ್ತು, ಅಮ್ಮಾ ನೀನು ಹೆಡ್ ಆದ್ರೆ ನಿನ್ ಡ್ರಾಯರಲ್ಲಿ ನನ್ ಸ್ಟಿಕ್ಕರೆಲ್ಲ ಇಡ್ತೀಯಾ, ಬೀಗ ಹಾಕಿ, ಇಡ್ತೀನಿ ಕಣೇ, ಪ್ರಾಮಿಸ್ಸಾ, ಪ್ರಾಮಿಸ್ಸು, ಯಾರಿಗೂ ತೋರಿಸ್ಬಾರ್ದು, ಇಲ್ಲ ತೋರಿಸಲ್ಲ.

ಯಜಮಾನರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ, ಇಪ್ಪತ್ತು ವರ್ಷ ಹೆಡ್ ರೀಡರ್ ಆಗಿದ್ದವರು, ಅಳಿಯ ಅವರ ಅಕ್ಕನ ಮಗ, ರೂಮಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮೂರು ವರ್ಷದ ಹಿಂದೆ ಬಂದ ದಿನವೇ ಹಸಿರು ಪೆನ್ನು ಹಿಡಿದು ಕೂತ, ಈಗ ಕೆಂಪೂ ಅವನಿಗೇ ಎಂದು ನೋಟೀಸು ಬಂದಿದೆ. ಹುಡುಗ ನನಗೆ ಸಂಬಂಧ ಅಂತ ಏನೂ ಅಲ್ಲ, ಅಕ್ಕನ ಮಗ ಅಷ್ಟೇ, ಎಂದರು ಯಜಮಾನರು ಎಲ್ಲರ ಮುಂದೆ, ಬೈಂಡಿಂಗಿನವನು ಹಿಂದಿನಿಂದ, ಸರಿ ಬಿಡಿ, ಅಳಿಯ ಅಲ್ಲ ಮಗಳ ಗಂಡ, ಎಂದ, ರೂಮೆಲ್ಲ ನಕ್ಕಿತು, ಅಳಿಯನೂ ನಕ್ಕ, ಕೆಟ್ಟವನಲ್ಲ ಅವನು, ಅದೇ ಕಷ್ಟ, ಅಕ್ಕಾ ಅಕ್ಕಾ ಎಂದು ಟೀ ತಂದುಕೊಡುತ್ತಾನೆ, ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ನಿದ್ದೆ ಮಾಡಬಹುದಿತ್ತು. ಒಂದು ಸಲ ಒಂದು ಸಮಾರಂಭದ ಕರೆಯೋಲೆಯಲ್ಲಿ ಅಧ್ಯಕ್ಷರಿಗೆ ಆದರದ ಸ್ವಾಗತ ಎಂದಿದ್ದದ್ದು ಅವನ ಕಣ್ಣು ತಪ್ಪಿ ಅಧರದ ಸ್ವಾಗತ ಎಂದು ಐನೂರು ಪ್ರತಿ ಅಚ್ಚಾಯಿತು, ಪಾಪ ಅಧ್ಯಕ್ಷರು ತುಟಿ ಒರೆಸ್ಕೊಂಡು ಬಂದಿರ್ತಾರೆ ಎಂದು ಮಿಷನ್ನಿನವರು ವಾರವಿಡೀ ಹೊಟ್ಟೆ ಹಿಡಿದುಕೊಂಡು ನಕ್ಕರು, ಯಜಮಾನರು, ಹುಡುಗ, ಕಲೀತಾನೆ ಬಿಡಿ, ಎಂದರು. ಅದೇ ವರ್ಷ ಒಂದು ಅಲ್ಪವಿರಾಮವನ್ನು ಓದದೆ ದಾಟಿದೆನೆಂದು ನನ್ನ ಫೈಲಿನಲ್ಲಿ ಚೀಟಿ ಸೇರಿತು, ಏಕಾಗ್ರತೆ ಸಾಲದು, ಮಗಳಿಗೆ ಜ್ವರ ಬಂದಿದ್ದ ವಾರ, ಮನೆ ಯೋಚನೆ ಮನೇಲೇ ಬಿಟ್ಟು ಬರ್ಬೇಕಮ್ಮ. ಅವನು ಕಲಿಯುತ್ತಾನೆ, ನಾನು ತಪ್ಪುತ್ತೇನೆ, ಒಂದೇ ಕೆಲಸಕ್ಕೆ ಎರಡು ಕ್ರಿಯಾಪದ.

ಸಂದರ್ಶನದ ದಿನ ಇಸ್ತ್ರಿ ಮಾಡಿದ ಸೀರೆಯ ನೆರಿಗೆ ಕೂತ ಕೂಡಲೇ ಸುಕ್ಕಾಯಿತು, ಅದನ್ನೇ ನೋಡುತ್ತಿದ್ದೆ. ಮೇಜಿನ ಆಚೆ ಮೂರು ಜನ, ಯಜಮಾನರು, ಆಡಳಿತದ ಮೇಡಂ, ಹೊರಗಿನಿಂದ ಕರೆಸಿದ ಒಬ್ಬರು, ಪೆನ್ನಿನ ತುದಿಯನ್ನು ಒತ್ತುತ್ತ ಬಿಡುತ್ತ ಕೂತಿದ್ದವರು. ಲಿಖಿತ ಪರೀಕ್ಷೆಯಲ್ಲಿ ನನಗೆ ನಲವತ್ತಕ್ಕೆ ನಲವತ್ತು, ಅಳಿಯನಿಗೂ ನಲವತ್ತಕ್ಕೆ ನಲವತ್ತು, ಮೂರನೆಯವರು ರೂಮಿನ ಹಳೆಯ ರೀಡರು ಮೇಷ್ಟ್ರು, ಅವರಿಗೆ ಮೂವತ್ತೊಂಬತ್ತು, ಇನ್ನು ಉಳಿದದ್ದು ಈ ಹತ್ತು ನಿಮಿಷದ ಮಾತು. ಈಕೆ ನಮಗೆ ಅನಿವಾರ್ಯ ಸಾರ್, ಎಂದರು ಯಜಮಾನರು, ನನ್ನ ಎದೆ ಉಬ್ಬಿತು, ಹೌದು ಉಬ್ಬಿತು, ಸುಳ್ಳು ಯಾಕೆ ಹೇಳಲಿ, ಅನಿವಾರ್ಯ ಎಂದರೆ ತಪ್ಪಿಸಲಾಗದ್ದು, ಸಾವಿಗೂ ಅದೇ ಮಾತು ಬಳಸುತ್ತಾರೆಂದು ಆಗ ಹೊಳೆಯಲಿಲ್ಲ, ಈ ಧ್ವನಿ ಇಲ್ಲಾಂದ್ರೆ ರೂಮೇ ನಡೆಯಲ್ಲ, ಇವ್ರನ್ನ ಎಬ್ಬಿಸಿ ಆ ಕುರ್ಚೀಲಿ ಕೂರಿಸಿದ್ರೆ ಓದೋರು ಯಾರು ಹೇಳಿ. ಪೆನ್ನಿನವರು ಕೇಳಿದರು, ರಾತ್ರಿ ಪಾಳಿ ಬಂದ್ರೆ ಮನೇಲಿ ಏನಂತಾರಮ್ಮಾ, ಏನೂ ಅನ್ನಲ್ಲ ಸಾರ್, ಮಗು ಚಿಕ್ಕದಲ್ವಾ, ಅತ್ತೆ ಇದ್ದಾರೆ ಸಾರ್, ಗಂಡಸರಿಗೆಲ್ಲ ತಪ್ಪು ತೋರಿಸ್ಬೇಕಾಗುತ್ತೆ, ಮೆತ್ತಗೆ ಹೇಳಕ್ಕಾಗುತ್ತಾ, ಆಗುತ್ತೆ ಸಾರ್, ಗಟ್ಟಿಯಾಗಿ ಹೇಳಕ್ಕಾಗುತ್ತಾ, ಆಗುತ್ತೆ ಸಾರ್, ಹಹ್ಹಾ ಎರಡೂ ಆಗುತ್ತೆ ನೋಡಿ. ಅಳಿಯನಿಗೆ ಅವರು ಕೇಳಿದ್ದು, ಮುಂದಿನ ಐದು ವರ್ಷ ರೂಮನ್ನ ಹೇಗೆ ನಡೆಸ್ತೀರಿ, ಎಂದಂತೆ, ಅವನೇ ಹೇಳಿದ, ಟೀ ಕೊಡುತ್ತ, ನಂಗೆ ಬಾಯೇ ಬರ್ಲಿಲ್ಲ ಅಕ್ಕಾ, ಏನೋ ಒಂದು ಅಂದೆ. ಮೇಷ್ಟ್ರಿಗೆ, ಕಿವಿ ಹೇಗಿದೆ ಮೇಷ್ಟ್ರೇ, ಎಂದರಂತೆ, ಅವರ ಮಂದವಾದ ಬಲಗಿವಿಗೆ ಬಿದ್ದದ್ದು ಹೇಗಿದೆ ಎಂಬಷ್ಟೇ, ಎಲ್ಲಾ ಚೆನ್ನಾಗಿದೆ ಸ್ವಾಮಿ ನಿಮ್ ದಯೆ, ಎಂದು ಕೈಮುಗಿದು ಬಂದರು. ನಾನು ಏಳುವಾಗ ಯಜಮಾನರು, ಈಗಿರೋದೇ ಸಾಕಲ್ವೇನಮ್ಮ ನಿಮಗೆ, ನೆಮ್ಮದಿಯಾಗಿದೀರಿ, ಎಂದರು, ಪ್ರೀತಿಯಿಂದಲೇ, ಸಾಕು ಎಂಬ ಮಾತು ಅವರ ಬಾಯಿಗೆ ಬಹಳ ಹತ್ತಿರ.

ಹ್ರಸ್ವ ಸಾಕು. ಅದು ಅವರ ಮಾತು, ಬೇರೆ ಯಾವ ಹೆಡ್ ರೀಡರೂ ಹಾಗೆ ಬರೆಯಲಾರರು, ದೀರ್ಘ ತೆಗೆಯಿರಿ ಎಂದು ಬರೆದಾರು, ಇಲ್ಲವೇ ಬರೀ ಒಂದು ಗೆರೆ ಎಳೆದಾರು. ನಾನು ಸೇರಿ ಮೂರನೆಯ ತಿಂಗಳು, ಅವರು ಸಹಿ ಮಾಡಿದ ಪುಟ ಅಚ್ಚಿಗೆ ಹೋಗುವ ಮುನ್ನ ಕೊನೆಯ ಸಲ ನೋಡಲು ನನ್ನ ಹತ್ತಿರ ಬಂದಾಗ, ಮಕ್ಕಳ ಆರೋಗ್ಯದ ಕಿರುಪುಸ್ತಕ, ಮಗು ನೀರೋಗಿಯಾಗಿ ಬೆಳೆಯಬೇಕಾದರೆ ಎಂಬ ಸಾಲು, ನೀ ಎಂಬ ಅಕ್ಷರದ ಮಗ್ಗುಲಲ್ಲಿ ಬಾಲದ ಹಾಗೆ ಸುತ್ತಿಕೊಂಡ ದೀರ್ಘದ ಮೇಲೆ ಒಂದು ಕೆಂಪು ಗೆರೆ, ಅಂಚಿನಲ್ಲಿ ಹ್ರಸ್ವ ಸಾಕು. ನೀರೋಗಿ ಅಲ್ಲವಂತೆ, ನಿರೋಗಿಯಂತೆ. ನನಗೆ ದಿಗಿಲಾಯಿತು, ಕಾಲೇಜಿನಲ್ಲಿ ಕಲಿತದ್ದು ತಪ್ಪೋ ಎಂದು, ಯಾರು ಕಡಿದದ್ದೆಂದು ಹೇಳದೆ ಮಧ್ಯಾಹ್ನ ಮೇಷ್ಟ್ರನ್ನು ಕೇಳಿದೆ, ಇಪ್ಪತ್ತಾರು ವರ್ಷದಿಂದ ಹಸಿರು ಪೆನ್ನು ಹಿಡಿದವರು, ಅದಕ್ಕೂ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ನಾನು ಓದುವುದು ಅವರಿಗೇ, ಎಡಗಡೆ ಕೂತು, ಅವರ ಒಳ್ಳೆಯ ಕಿವಿ ಅದು. ನೀರೋಗಿನೇ ಸರಿ ತಾಯಿ, ನಿರ್ ಇದೆ, ರೋಗ ಇದೆ, ರಕಾರಕ್ಕೆ ರಕಾರ ಎದುರಾದ್ರೆ ಮೊದಲನೇದು ಜಾಗ ಬಿಟ್ಟು ಹೋಗ್ಬಿಡುತ್ತೆ, ಸುಮ್ನೆ ಹೋಗಲ್ಲ ನೋಡು, ಹೋಗೋವಾಗ ಪಕ್ಕದಲ್ಲಿರೋ ಹ್ರಸ್ವಕ್ಕೆ ದೀರ್ಘ ಕೊಟ್ಟು ಹೋಗುತ್ತೆ, ನೀರಸ, ನೀರವ, ಎಲ್ಲಾ ಹಂಗೇ, ದೊಡ್ಡ ಮನಸ್ಸಿಂದು ಆ ರಕಾರ, ಎಂದು ತಾವೇ ಹೇಳಿದ್ದಕ್ಕೆ ತಾವೇ ನಕ್ಕರು. ನಾನು ಆ ಧೈರ್ಯದಲ್ಲಿ ಯಜಮಾನರ ಕೋಣೆಗೆ ಹೋದೆ, ಸಾರ್ ಇದು ನೀರೋಗಿನೇ ಇರ್ಬೇಕು ಅನ್ಸುತ್ತೆ, ಅನ್ಸುತ್ತೆ ಎಂದೆ, ಇದೆ ಎನ್ನಲಿಲ್ಲ, ಅವರು ಕನ್ನಡಕದ ಮೇಲಿಂದ ನೋಡಿ ಗುಮಾಸ್ತನ ಕಡೆ ತಿರುಗಿದರು, ನೋಡಯ್ಯಾ, ಪೆನ್ಸಿಲ್ಲು ಪೆನ್ನಿಗೆ ವ್ಯಾಕರಣ ಹೇಳ್ಕೊಡೋಕೆ ಬಂದಿದೆ, ಗುಮಾಸ್ತ ನಕ್ಕ, ನಾನೂ ನಕ್ಕೆ, ಯಾಕೆ ನಕ್ಕೆ, ಇವತ್ತಿಗೂ ಗೊತ್ತಿಲ್ಲ, ಬಾಗಿಲು ಎಳೆದುಕೊಂಡು ಬಂದೆ. ಅಂದಿನಿಂದ ಬಾಯಿಬಿಟ್ಟಿಲ್ಲ. ಆ ಮಾತು ಬಂದಾಗಲೆಲ್ಲ ಅವರು ದೀರ್ಘ ಕಡಿಯುತ್ತಾರೆ, ಪುಟ ಕೊನೆಗೆ ನನ್ನ ಹತ್ತಿರ ಬರುತ್ತದೆ, ನಾನು ಕಡಿದ ಅಕ್ಷರದ ಕೆಳಗೆ ಮೂರು ಚುಕ್ಕೆ ಇಟ್ಟು ಅಂಚಿನಲ್ಲಿ ಪೆನ್ಸಿಲಿನಿಂದ ಇರಲಿ ಎಂದು ಬರೆಯುತ್ತೇನೆ, ಕಡಿದದ್ದು ತಪ್ಪು, ಇದ್ದ ಹಾಗೇ ಇರಲಿ ಎನ್ನುವುದಕ್ಕೆ ನಮ್ಮಲ್ಲಿ ಅದೇ ಗುರುತು, ಟೈಪು ಜೋಡಿಸುವವನು ನನ್ನ ಮುಖ ನೋಡಿ ಇದ್ದ ಹಾಗೇ ಬಿಡುತ್ತಾನೆ, ಅವರು ಅಚ್ಚಾದ ಪುಸ್ತಕವನ್ನು ತಿರುವಿಯೂ ನೋಡುವುದಿಲ್ಲ. ಹನ್ನೊಂದು ವರ್ಷ ಅವರ ಮರ್ಯಾದೆ ಕಾಪಾಡಿದೆ ಎಂದುಕೊಂಡಿದ್ದೆ, ಕಾಪಾಡಿದ್ದು ಅವರ ತಪ್ಪನ್ನು, ನೀರೆರೆದು ಸಾಕಿದ ಹಾಗೆ.

ಪರೀಕ್ಷೆಗೆ ಅವರು ಆರಿಸಿದ್ದು ಅದೇ ಪುಸ್ತಕದ ಅದೇ ಪುಟ. ಅಚ್ಚಾದ ಪುಟದೊಳಗೆ ಬೇಕೆಂದೇ ತಪ್ಪು ತುಂಬಿಸಿ, ಮೇಲ್ಗಡೆ ದಪ್ಪಕ್ಷರದಲ್ಲಿ, ಒಟ್ಟು ನಲವತ್ತು ತಪ್ಪುಗಳಿವೆ, ನಲವತ್ತೈದು ನಿಮಿಷ. ಉತ್ತರದ ಹಾಳೆ ಇಲ್ಲೇ ಇದೆ, ಎಣಿಸಿದ್ದೇನೆ, ಮೂವತ್ತೊಂಬತ್ತು ಅವರು ಬಿತ್ತಿದ್ದು, ನಲವತ್ತನೆಯದನ್ನು ಬಿತ್ತುವ ಕಷ್ಟವೇ ಅವರಿಗಿರಲಿಲ್ಲ, ಇಪ್ಪತ್ತೆರಡನೆಯ ಸಾಲಿನಲ್ಲಿ ಅದು ಮೊದಲೇ ಇತ್ತು, ನಾನು ಉಳಿಸಿದ್ದ ನೀರೋಗಿ, ಅದರ ದೀರ್ಘಕ್ಕೆ ಗೆರೆ, ಅಂಚಿನಲ್ಲಿ ಹ್ರಸ್ವ ಸಾಕು. ಇವತ್ತು ಮಧ್ಯಾಹ್ನ ಗುಮಾಸ್ತ ಫೈಲನ್ನು ನನ್ನ ಮೇಜಿನ ಮೇಲೆ ಎಸೆದು, ಸ್ವಲ್ಪ ಜೋಡ್ಸಿ ಹೊಲಿದು ಕೊಡಮ್ಮ, ನಿನ್ ಕೈ ನೀಟು, ಎಂದು ಊಟಕ್ಕೆ ಹೋದ, ನಾನು ಅನಿವಾರ್ಯ ತಾನೇ, ಆಯ್ಕೆಯ ಫೈಲು, ಮೂರು ಜನರ ಹಾಳೆ, ಮೇಲೊಂದು ಉತ್ತರದ ಹಾಳೆ. ಅಳಿಯನ ಹಾಳೆ ತೆರೆದೆ, ಇಪ್ಪತ್ತೆರಡನೆಯ ಸಾಲು, ಹಸಿರು ಗೆರೆ, ಅಂಚಿನಲ್ಲಿ ಹ್ರಸ್ವ ಸಾಕು. ಆದರಕ್ಕೂ ಅಧರಕ್ಕೂ ವ್ಯತ್ಯಾಸ ಕಾಣದವನು ಸರಿಯಾದ ಮಾತನ್ನು ತಪ್ಪೆಂದು ಹಿಡಿದಿದ್ದಾನೆ, ಅದೂ ಮಾವನ ಮಾತಿನಲ್ಲೇ, ಸರಿ ಇದ್ದದ್ದನ್ನಷ್ಟೇ ಕದ್ದಿದ್ದರೆ ಯಾರೂ ಹಿಡಿಯುತ್ತಿರಲಿಲ್ಲ, ಕದ್ದು ಬರೆದವನು ಸಿಕ್ಕಿಬೀಳುವುದೇ ಕದ್ದ ತಪ್ಪಿನಲ್ಲಿ, ಶಾಲೆಯ ಮಕ್ಕಳಿಗೂ ಗೊತ್ತು. ಜೆರಾಕ್ಸ್ ಮಿಷನ್ನು ಬಿಸಿಯಾಗುವವರೆಗೆ ಗೋಡೆಯನ್ನು ನೋಡುತ್ತ ನಿಂತೆ, ಉತ್ತರದ ಹಾಳೆ ಒಂದು, ಅಳಿಯನ ಹಾಳೆ ಒಂದು, ಇನ್ನೂ ಒಂದು. ನಾಲ್ಕಕ್ಕೆ ಆಡಳಿತದ ಮೇಡಂ ಹತ್ತಿರ ಹೋಗಿ, ಏನನ್ನೂ ತೋರಿಸದೆ, ಆಯ್ಕೆ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು ಮೇಡಂ, ಎಂದೆ, ಅವರು ಪೆನ್ನಿಗೆ ಮುಚ್ಚಳ ಹಾಕಿ ಕೇಳಿದರು, ಹಾಗೆ ಕೇಳುವವರು ಆ ಕಟ್ಟಡದಲ್ಲಿ ಅವರೊಬ್ಬರೇ, ಸಂದರ್ಶನದಲ್ಲಿ ನಂಗೂ ಸರಿ ಅನ್ಸಿಲ್ಲ, ನನ್ನೊಬ್ಬಳ ಮಾತು ನಡೀಲಿಲ್ಲ, ಬರಹದಲ್ಲಿ ಕೊಡಿ, ಹೆದರ್ಬೇಡಿ, ನಾಳೆ ಐದರೊಳಗೆ ಬಂದ್ರೆ ಮೂರೂ ಹಾಳೆ ಪಕ್ಕಪಕ್ಕ ಇಟ್ಕೊಂಡು ನಾನೇ ಕೂತು ನೋಡ್ತೀನಿ. ಮೂರೂ ಹಾಳೆಯಾ ಮೇಡಂ. ಹೌದು, ಮೂರೂ, ಯಾಕೆ. ಏನಿಲ್ಲ ಮೇಡಂ.

ಚಿಟ್. ಇವರು ಎದ್ದರು, ನೀರು ಕುಡಿಯುವುದಕ್ಕೆ, ವೈರಿಂಗ್ ಕೆಲಸ, ಈಗ ಒಂದು ಆಸ್ಪತ್ರೆಯಲ್ಲಿ ವೈರು ಎಳೆದು ಎಳೆದು ಭುಜ ನೋವು, ಕತ್ತಲಲ್ಲೂ ತೋಳು ತಿರುಗಿಸುತ್ತ ಬರುತ್ತಾರೆ, ಇನ್ನೂ ಬರೀತಿದೀಯಾ, ಬರಿ ಬರಿ, ಬಿಡ್ಬೇಡ ಅವ್ರನ್ನ, ಕಳ್ಳ ಮಾಲು ಸಮೇತ ಸಿಕ್ಕಿದಾನೆ, ಎನ್ನುತ್ತಾರೆ, ಸಂಜೆಯಿಂದ ಹತ್ತು ಸಲ ಹೇಳಿದ್ದಾರೆ, ನನಗಿಂತ ಅವರಿಗೇ ಖುಷಿ, ಆ ಎರಡು ಹಾಳೆಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು, ಎಲಾ ಇವ್ನ, ಅದೇ ಮಾತು, ಅದೇ ಗೆರೆ, ನಿನ್ ಕಣ್ಣು ಕಣ್ಣಲ್ಲ ಕಣೇ, ಸಿಸಿ ಕ್ಯಾಮೆರಾ. ಅತ್ತೆ ಚಪಾತಿ ಲಟ್ಟಿಸುತ್ತ, ಬಾಯಿದ್ದವಳು ಬರಗಾಲದಲ್ಲೂ ಬದುಕ್ತಾಳೆ, ನಿಂಗೆ ಬಾಯಿ ಇರೋದು ಬರೀ ಕಾಮ ಫುಲ್‌ಸ್ಟಾಪ್ ಅನ್ನೋಕಾ, ಹೋಗಿ ಕೇಳು ನಾಳೆ, ಎಂದರು, ಅತ್ತೆ ನನ್ನ ಪರವಾಗಿ ಮಾತಾಡಿದ್ದು ಇದು ಎರಡನೆಯ ಸಲವೋ ಮೂರನೆಯ ಸಲವೋ. ಅರ್ಧ ಹೇಳಿದ್ದೇನೆ ಇವರಿಗೆಲ್ಲ. ಎರಡು ಹಾಳೆ ತೋರಿಸಿದ್ದೇನೆ, ಮೂರನೆಯದು ಆಗ ಬ್ಯಾಗಿನೊಳಗೆ ಟಿಫಿನ್ ಡಬ್ಬಿಯ ಅಡಿಯಲ್ಲಿತ್ತು, ಎಲ್ಲರೂ ಮಲಗಿದ ಮೇಲೆ ಬುಟ್ಟಿಗೆ ಹೋಯಿತು. ಲೋಟ ಕವುಚಿಟ್ಟ ಸದ್ದು, ಬೇಗ ಬಾ ಮಲಕ್ಕೋ, ಬಾಗಿಲು ಹಾಕಿದೀಯಲ್ಲ, ಹಾಕಿದೀನಿ, ಹಾಕಿದ್ದೇನೆ, ಮೂರು ಸಲ ನೋಡಿದ್ದೇನೆ, ಹೊರಗಿನಿಂದ ಯಾರೂ ಬರುವಂತಿಲ್ಲ.

ಮೂವತ್ತೊಂಬತ್ತು ಸಿಕ್ಕಿತ್ತು ನನಗೆ. ಇಪ್ಪತ್ತೊಂಬತ್ತನೆಯ ನಿಮಿಷಕ್ಕೇ ಸಿಕ್ಕಿತ್ತು, ಪರೀಕ್ಷೆಗೆಂದು ಮೂವರಿಗೂ ಹೊಸ ಹಸಿರು ಪೆನ್ನು ಕೊಟ್ಟಿದ್ದರು, ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕೈಗೆ ಶಾಯಿ, ಅದರ ಮುಚ್ಚಳ ತೆಗೆಯುವಾಗ ನಾನು, ನಗು ಬರುತ್ತದೆ, ಸೆರಗಿನಿಂದ ಕೈ ಒರೆಸಿಕೊಂಡಿದ್ದೆ. ಒಂದು ಬಾಕಿ. ಮೇಲಿಂದ ಕೆಳಗೆ ಓದಿದೆ, ಕೆಳಗಿಂದ ಮೇಲೆ ಓದಿದೆ, ತುಟಿ ಅಲ್ಲಾಡಿಸುತ್ತ ಒಂದೊಂದು ಅಕ್ಷರ ಬಿಡಿಸಿ ಓದಿದೆ, ಇಲ್ಲ, ಪಕ್ಕದಲ್ಲಿ ಅಳಿಯ ಪೆನ್ನು ಕೆಳಗಿಟ್ಟು ಫ್ಯಾನು ನೋಡುತ್ತ ಕೂತಿದ್ದ, ಮುಂದೆ ಮೇಷ್ಟ್ರ ಬೆನ್ನು ಬಾಗಿ ಕಾಗದಕ್ಕೆ ತಾಗುವಂತಿತ್ತು, ಅವರಿಗೂ ಒಂದು ಬಾಕಿ ಎಂದು ಬೆನ್ನೇ ಹೇಳುತ್ತಿತ್ತು, ಎಂಟು ನಿಮಿಷ, ಏಳು, ಇಪ್ಪತ್ತೆರಡನೆಯ ಸಾಲಿನ ಮೇಲೆ ಕಣ್ಣು ಜಾರಿ ಹೋಯಿತು, ಮತ್ತೆ ಬಂತು, ನಿಂತಿತು. ಇದೇ. ತಪ್ಪಲ್ಲ ಇದು, ಆದರೆ ಅವರ ಎಣಿಕೆಯಲ್ಲಿ ಇದೇ ನಲವತ್ತನೆಯದು, ಟೈಪು ಜೋಡಿಸುವವನನ್ನು ಬಿಟ್ಟರೆ ಈ ಇಡೀ ಕಟ್ಟಡದಲ್ಲಿ ಇದನ್ನು ಅವರು ತಪ್ಪೆಂದುಕೊಂಡಿದ್ದಾರೆಂದು ಗೊತ್ತಿರುವವಳು ನಾನೊಬ್ಬಳೇ — ಉತ್ತರದ ಹಾಳೆ ಕದಿಯಬೇಕಾಗಿರಲಿಲ್ಲ ನನಗೆ, ಹನ್ನೊಂದು ವರ್ಷ ಅವರ ತಲೆಯೊಳಗೇ ಇಣುಕಿದ್ದೇನೆ. ಬಿಟ್ಟರೆ ಮೂವತ್ತೊಂಬತ್ತು. ಬಿಡಬಹುದಿತ್ತು. ಬಿಡಬಹುದಿತ್ತು, ಪೆನ್ನು ಆ ದೀರ್ಘದ ಮೇಲೆ ಹೋಗಿ ನಿಂತಿತು, ಆ ಪುಟ್ಟ ಬಾಲ, ಮಗಳು ಅಕ್ಷರ ಕಲಿಯುವಾಗ ರಾಗವಾಗಿ ಹೇಳುತ್ತಿದ್ದಳಲ್ಲ, ನ ಗುಡಿಸು ನಿ, ನ ಗುಡಿಸಿನ ದೀರ್ಘ ನೀ, ಆ ನೀ ಎನ್ನುವಾಗ ಕತ್ತು ಉದ್ದ ಮಾಡುತ್ತಿದ್ದಳು, ಕಡಿದೆ. ಒಂದೇ ಗೆರೆ. ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು, ಬರೀ ಗೆರೆಯಾಗಿದ್ದರೆ ಅವಸರದಲ್ಲಿ ಕೈ ತಪ್ಪಿತು ಎನ್ನಬಹುದಿತ್ತು, ಯಾರನ್ನು ಮೆಚ್ಚಿಸಲು, ಯಾವ ಹೊಟ್ಟೆಗೆ, ಅಂಚಿನಲ್ಲಿ ಬರೆದೆ, ದುಂಡಗೆ, ನೀಟಾಗಿ, ಅವರ ಮಾತನ್ನೇ, ಅವರಿಗೆ ಕಾಣಲಿ ನಾನು ಅವರ ಶಿಷ್ಯೆ ಎಂದು, ಹ್ರಸ್ವ ಸಾಕು. ಹನ್ನೊಂದು ವರ್ಷ ಇರಲಿ ಎಂದು ಪೆನ್ಸಿಲಿನಲ್ಲಿ ಉಳಿಸಿಕೊಂಡು ಬಂದದ್ದನ್ನು ಶಾಯಿ ಸಿಕ್ಕ ಮೊದಲ ದಿನವೇ. ಆಮೇಲೆ ನಲವತ್ತಕ್ಕೆ ನಲವತ್ತು ಬಂದಾಗ ಇವರು ಸಿಹಿ ತಂದರು, ತಿಂದೆ.

ಮೇಡಂ ಮೂರೂ ಹಾಳೆ ಪಕ್ಕಪಕ್ಕ ಇಟ್ಟು ನೋಡುತ್ತಾರೆ, ನೋಡಲಿ, ಅಳಿಯನದು, ನನ್ನದು, ಒಂದೇ ಗೆರೆ, ಒಂದೇ ಮಾತು, ಯಾವುದು ಕದ್ದದ್ದು ಯಾವುದು ಊಹಿಸಿದ್ದು ಎಂದು ಯಾವ ಶಾಯಿ ಹೇಳುತ್ತದೆ, ಹೇಳುತ್ತೇನೆ ಎಂದರೆ ಏನು ಹೇಳಲಿ, ಮೇಡಂ ಅವನು ಕದ್ದಿದ್ದಾನೆ, ನಾನು ಕದ್ದಿಲ್ಲ, ಸರಿ ಎಂದು ಗೊತ್ತಿದ್ದೇ ತಪ್ಪೆಂದು ಬರೆದಿದ್ದೇನೆ ಅಷ್ಟೇ. ಅಳಿಯನಿಗೆ ಪಾಪ ಗೊತ್ತೇ ಇರಲಿಲ್ಲ, ನನಗೆ ಗೊತ್ತಿತ್ತು. ಫೈಲಿನಲ್ಲಿದ್ದ ಮೂರನೆಯ ಹಾಳೆ ಮೇಷ್ಟ್ರದು, ಅದನ್ನೂ ನೋಡಿದೆ ಮಧ್ಯಾಹ್ನ, ಇಪ್ಪತ್ತೆರಡನೆಯ ಸಾಲಿನಲ್ಲಿ ನೀರೋಗಿ ಹಾಗೇ ಇದೆ, ಸುತ್ತ ಒಂದು ಗುರುತೂ ಇಲ್ಲ, ಅವರ ಪೆನ್ನಿನ ನೆರಳೂ ಬಿದ್ದಿಲ್ಲ, ಕೊನೆಯಲ್ಲಿ ಕೆಂಪಿನಲ್ಲಿ ಒಂದು ತಪ್ಪಿದೆ, ಮೂವತ್ತೊಂಬತ್ತು. ಇಡೀ ಪರೀಕ್ಷೆಯಲ್ಲಿ ಸರಿಯಾಗಿ ಬರೆದವರು ಅವರೊಬ್ಬರೇ. ಅರ್ಜಿಯ ಕೊನೆಗೆ ನ್ಯಾಯ ಸಿಕ್ಕರೆ ಅದು ಸಿಗಬೇಕಾದದ್ದು ಅವರಿಗೆ, ನನಗಲ್ಲ, ಅದಕ್ಕೇ ಏನು ತಮ್ಮ ಗಮನಕ್ಕೆ ಎಂಬಲ್ಲಿ ಕೈ ನಿಂತದ್ದು, ಅಷ್ಟು ಸಣ್ಣವಳೇ ನಾನು, ಇರಬಹುದು, ಅಳತೆ ಯಾರು ನೋಡಿದ್ದಾರೆ. ಸಂಜೆ ಮೆಟ್ಟಿಲಲ್ಲಿ ಸಿಕ್ಕರು, ಒಂದು ಕೈಯಲ್ಲಿ ಚೀಲ, ಒಂದು ಕೈ ಕಂಬಿಯ ಮೇಲೆ, ಒಂದೊಂದೇ ಮೆಟ್ಟಿಲು ಇಳಿಯುತ್ತ, ನಾನು ಅಭ್ಯಾಸದಂತೆ ಎಡಗಡೆ ಬಂದೆ. ಏನ್ ತಾಯಿ, ನಿಂಗೆ ಕೊಡ್ಲಿಲ್ವಲ್ಲ ಅವ್ರು, ನನ್ನ ಬಿಡು, ಇನ್ನೆರಡು ವರ್ಷಕ್ಕೆ ಮನೆಗೆ ಹೋಗೋನು, ನೀನು ಆಗ್ಬೇಕಿತ್ತು, ಎಂದರು, ಎರಡು ಮೆಟ್ಟಿಲು ಇಳಿದು ನಿಂತರು, ಅಲ್ಲಾ ತಾಯಿ, ನಂಗೆ ಮೂವತ್ತೊಂಬತ್ತೇ ಸಿಕ್ಕಿದ್ದು, ವಾರದಿಂದ ನಿದ್ದೆಯಿಲ್ಲ, ಆ ಪುಟಾನ ಕಣ್ಣು ಮುಚ್ಚಿದ್ರೂ ಓದ್ಬಲ್ಲೆ, ಆ ನಲವತ್ತನೇದು ಎಲ್ಲಿತ್ತು ಹೇಳು, ನಿಂಗೆ ಸಿಕ್ತಲ್ಲ, ಇಪ್ಪತ್ತಾರು ವರ್ಷದಲ್ಲಿ ನನ್ ಕಣ್ಣಿಗೆ ಬೀಳದೇ ಇರೋ ತಪ್ಪು ಯಾವುದದು, ಕಣ್ಣೂ ಹೋಯ್ತೇನೋ ಕಿವಿ ಹಿಂದೆ, ಎಂದು ನಕ್ಕು ಎಡಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು, ಕಿವಿಯ ಮೇಲೆ ಬಿಳಿ ಕೂದಲು, ದಿನವೂ ನಾನು ಓದುವ ಕಿವಿ. ಹೇಳಬಹುದಿತ್ತು. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಮೇಷ್ಟ್ರೇ, ಇಷ್ಟು ಸಾಕಿತ್ತು ಅವರಿಗೆ, ಇವತ್ತು ರಾತ್ರಿ ಮಲಗುತ್ತಿದ್ದರು. ನೆನಪಿಲ್ಲ ಮೇಷ್ಟ್ರೇ, ಎಂದೆ, ಗಟ್ಟಿಯಾಗಿ, ಸ್ಪಷ್ಟವಾಗಿ, ಓದುವ ಧ್ವನಿಯಲ್ಲಿ.

ಚಿಟ್ ಎನ್ನುತ್ತಿಲ್ಲ ಈಗ, ಬಿಚ್ಚಿಕೊಳ್ಳುವಷ್ಟು ಬಿಚ್ಚಿಕೊಂಡಿತೇನೋ, ನೀರವ, ನಿರ್ ಇದೆ, ರವ ಇದೆ, ಒಂದು ರಕಾರ ಜಾಗ ಬಿಟ್ಟು ಹೋಗಿದೆ, ಯಜಮಾನರೂ ಜಾಗ ಬಿಟ್ಟು ಹೋಗುತ್ತಾರೆ, ಪಕ್ಕದಲ್ಲಿದ್ದವರಿಗೆ ಕೊಟ್ಟೇ ಹೋಗುತ್ತಾರೆ, ವ್ಯಾಕರಣ ತಪ್ಪಿಲ್ಲ, ಪಕ್ಕದಲ್ಲಿ ಯಾರಿದ್ದಾರೆ ಎಂಬುದಷ್ಟೇ ಪ್ರಶ್ನೆ. ನಾಳೆ ಐದು ಗಂಟೆ ಆಗುತ್ತದೆ, ಆಗದೆ ಇರುತ್ತದೆಯೇ, ಮೇಡಂ ಪೆನ್ನಿಗೆ ಮುಚ್ಚಳ ಹಾಕಿ ಕಾಯುತ್ತಾರೆ, ಆಮೇಲೆ ಕಾಯುವುದಿಲ್ಲ, ಇವರಿಗೆ, ತಡ ಆಯ್ತು ರೀ, ತಗೊಳ್ಳಲಿಲ್ಲ, ಎನ್ನುತ್ತೇನೆ, ಇವರು ಎರಡು ದಿನ ಕೂಗಾಡಿ ಸುಮ್ಮನಾಗುತ್ತಾರೆ, ಅತ್ತೆ ಬಾಯಿಲ್ಲದವಳು ಎನ್ನುತ್ತಾರೆ, ಅನ್ನಲಿ, ಮಗಳಿಗೆ ಒಂದು ಚಿಕ್ಕ ಬೀಗ ತಂದುಕೊಡುತ್ತೇನೆ, ಮೇಷ್ಟ್ರಿಗೆ ನಾಳೆಯೂ ಎಡಗಡೆ ಕೂತು ಓದುತ್ತೇನೆ, ನಾಡಿದ್ದೂ ಓದುತ್ತೇನೆ, ಅವರು ಆ ನಲವತ್ತನೆಯದನ್ನು ಹುಡುಕುತ್ತಲೇ ಇರುತ್ತಾರೆ, ಹೇಳುವುದಿಲ್ಲ, ಇವರಿಗೂ ಇಲ್ಲ, ಮೇಷ್ಟ್ರಿಗೂ ಇಲ್ಲ, ಯಾರಿಗೂ ಇಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿದೆ. ಬಾಗಿಲ ಹಿಂದೆ ಹೋಗಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ, ಈರುಳ್ಳಿ ಸಿಪ್ಪೆಯ ಮೇಲೆ ನನ್ನ ಹಾಳೆ ಅಂಗೈ ಅರಳಿಸಿದ ಹಾಗೆ ಅರಳಿ ಬಿದ್ದಿದೆ, ಮುಕ್ಕಾಲು ಭಾಗ ಕಾಣುತ್ತದೆ, ಜೆರಾಕ್ಸಿನಲ್ಲಿ ಕೆಂಪಿಲ್ಲ, ಹಸಿರಿಲ್ಲ, ಎಲ್ಲ ಒಂದೇ ಕಪ್ಪು, ಸುಕ್ಕುಗಳ ನಡುವೆ ಹುಡುಕುವುದು ಬೇಡ ಎಂದುಕೊಂಡೆ, ಹುಡುಕಬೇಕಾಗಿಯೂ ಇಲ್ಲ, ಇಪ್ಪತ್ತೆರಡನೆಯ ಸಾಲು ಮೇಲಕ್ಕೇ ಇದೆ — ನ, ಗುಡಿಸು, ಆ ಪುಟ್ಟ ಬಾಲ, ಅದರ ಮೇಲೆ ಗೆರೆ, ಗೆರೆ